ರೆಡ್ ಕ್ರಾಸ್ ಕೈ ಬದಲಾಯಿಸಿದ ಕಥೆ

ಜೂನಿಯರ್ ರೆಡ್ ಕ್ರಾಸ್ ಎಂಬ ಹೆಸರು ನಮ್ಮ ಶಾಲೆಗಳಲ್ಲಿ ಓದಿದವರಿಗೆ ಹೊಸದಲ್ಲ. ಬಿಳಿಯ ಬಟ್ಟೆಯ ಮೇಲಿನ ಆ ಕೆಂಪು ಗುರುತನ್ನು ಕಂಡೊಡನೆ ನೆನಪಾಗುವುದು ಸೇವೆ ಮತ್ತು ಶುಶ್ರೂಷೆ. ಜಗಳ ಯಾರಿಗೂ ನೆನಪಾಗದು. ಆದರೂ ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯಲ್ಲಿ 1902ರಿಂದ 1904ರವರೆಗೆ ನಡೆದ ಜಗಳ ಆ ದೇಶದ ಅಧ್ಯಕ್ಷರ ಮನೆಬಾಗಿಲಿನವರೆಗೂ ಹೋಯಿತು. ಜಗಳವಾಡಿದ ಎರಡು ಕಡೆಯವರೂ ಸೇವೆಗೆಂದೇ ಬಂದವರು ಎಂಬುದು ಇಲ್ಲಿಯ ವಿಶೇಷ.

ಸಂಸ್ಥೆಯನ್ನು ಕಟ್ಟಿದವರು ಕ್ಲಾರಾ ಬಾರ್ಟನ್. 1821ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಈಕೆ ಮೊದಲು ಶಾಲೆಯ ಉಪಾಧ್ಯಾಯಿನಿ, ಆಮೇಲೆ ಸರ್ಕಾರಿ ಕಛೇರಿಯಲ್ಲಿ ಗುಮಾಸ್ತೆ. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಔಷಧಿ, ಬಟ್ಟೆ, ಆಹಾರಗಳನ್ನು ಬಂಡಿಗಳಲ್ಲಿ ಹೇರಿಕೊಂಡು ರಣರಂಗಕ್ಕೇ ಹೋದರು. ಯುದ್ಧ ಮುಗಿದ ಮೇಲೆ, ಕಾಣೆಯಾಗಿದ್ದ ಸುಮಾರು 22,000 ಸೈನಿಕರು ಏನಾದರೆಂಬುದನ್ನು ಪತ್ತೆಮಾಡಿ ಅವರ ಮನೆಯವರಿಗೆ ತಿಳಿಸಿದರು. ಯೂರೋಪಿನಲ್ಲಿ ರೆಡ್ ಕ್ರಾಸ್ ಕಾರ್ಯವನ್ನು ಕಂಡು ಬಂದು, 1881ರ ಮೇ 21ರಂದು ತಮ್ಮ ದೇಶದಲ್ಲಿ ಅದನ್ನು ಸ್ಥಾಪಿಸಿದಾಗ ಅವರಿಗೆ 59 ವರ್ಷ.

ಜಿನೀವಾದ ಮೂಲ ಉದ್ದೇಶ ಯುದ್ಧದಲ್ಲಿ ಗಾಯಗೊಂಡವರ ಆರೈಕೆ. ಶಾಂತಿಕಾಲದಲ್ಲಿ ಪ್ರವಾಹ, ಬಿರುಗಾಳಿ, ಬೆಂಕಿ ಬಂದಾಗಲೂ ಇದೇ ಕೈಗಳು ನೆರವಾಗಬೇಕು ಎಂದು ಬಾರ್ಟನ್ ವಾದಿಸಿದರು. ಈ ವಿಚಾರಕ್ಕೆ 1884ರಲ್ಲಿ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. 1889ರಲ್ಲಿ ಅಣೆಕಟ್ಟೆಯೊಡೆದು ಜಾನ್ಸ್‌ಟೌನ್ ಪಟ್ಟಣದಲ್ಲಿ 2,200ಕ್ಕೂ ಹೆಚ್ಚು ಮಂದಿ ಸತ್ತಾಗ ಆಕೆ ಅಲ್ಲಿಯೇ ಐದು ತಿಂಗಳು ನಿಂತರು. 1893ರಲ್ಲಿ ದಕ್ಷಿಣ ಕೆರೊಲಿನಾದ ಕಡಲ ದ್ವೀಪಗಳಿಗೆ ಬಿರುಗಾಳಿ ಬಡಿಯಿತು. ಅಲ್ಲಿದ್ದವರು ಬಹುತೇಕ ಬಡ ಕಪ್ಪು ಜನ. ಸುಮಾರು 30,000 ಡಾಲರು ಕೈಯಲ್ಲಿ. ನೋಡಿಕೊಳ್ಳಬೇಕಾದವರು ಸುಮಾರು 30,000 ಜನ. ಕಾಲ ಹತ್ತು ತಿಂಗಳು! ಬಾರ್ಟನ್ ಬರಿದೇ ಅನ್ನ ಹಂಚಿ ಕೂರಲಿಲ್ಲ. ಉಪ್ಪುನೀರು ನಿಂತ ಹೊಲಗಳಲ್ಲಿ ಕಾಲುವೆ ತೋಡಿಸಿದರು, ಬಿತ್ತನೆಬೀಜ ಕೊಡಿಸಿದರು, ಹೆಂಗಸರನ್ನು ಕೂಡಿಸಿ ಬಟ್ಟೆ ಹೊಲಿಸಿದರು. 1900ರಲ್ಲಿ ಗ್ಯಾಲ್ವೆಸ್ಟನ್ ನಗರ ಸಮುದ್ರದ ಪಾಲಾದಾಗ ಅವರಿಗೆ 78 ವರ್ಷ. ಆಗಲೂ ಖುದ್ದಾಗಿ ಹೋದರು. ಅಲ್ಲಿಯ ರೈತರಿಗೆ ಹಂಚಿದ್ದರಲ್ಲಿ 15 ಲಕ್ಷ ಸ್ಟ್ರಾಬೆರಿ ಸಸಿಗಳೂ ಇದ್ದವು.

ಇಷ್ಟೆಲ್ಲ ಮಾಡಿದವರ ಮೇಲೆ ದೂರು ಏನು? ಸಂಸ್ಥೆ ಎಂದರೆ ತಾನೇ ಎಂದು ಆಕೆ ನಡೆದುಕೊಂಡರು ಎಂಬುದು ಮೊದಲ ದೂರು. ಆಕೆ ಊರಿನಲ್ಲಿಲ್ಲದಾಗ ಕೇಂದ್ರದಲ್ಲಿ ತೀರ್ಮಾನ ತೆಗೆದುಕೊಳ್ಳುವವರೇ ಇರುತ್ತಿರಲಿಲ್ಲ. ವಾಷಿಂಗ್ಟನ್ ಬಳಿಯ ಗ್ಲೆನ್ ಎಕೊದಲ್ಲಿದ್ದ ಆಕೆಯ ಮನೆಯನ್ನು ನೋಡಿದರೆ ಸಮಸ್ಯೆ ಅರ್ಥವಾಗುತ್ತದೆ. ಜಾನ್ಸ್‌ಟೌನಿನಿಂದ ತಂದ ಮರದಿಂದ 1891ರಲ್ಲಿ ಕಟ್ಟಿಸಿದ ಆ ಕಟ್ಟಡ ಉಗ್ರಾಣವೂ ಹೌದು, ಮುಂದೆ ಕಛೇರಿಯೂ ವಾಸದ ಮನೆಯೂ ಹೌದು. ಸ್ವಂತದ ದುಡ್ಡನ್ನೂ ಆಕೆ ಧಾರಾಳವಾಗಿ ಸೇವೆಗೆ ಹಾಕಿದ್ದರು. ಹಾಗಾಗಿ ಯಾವುದು ಸ್ವಂತದ್ದು, ಯಾವುದು ಸಾರ್ವಜನಿಕರದ್ದು ಎಂಬ ಗೆರೆ ಅಳಿಸಿಹೋಗಿತ್ತು. ಜಮಾಖರ್ಚಿನ ಪುಸ್ತಕ ಸರಿಯಾಗಿರಲಿಲ್ಲ.

1902ರ ಡಿಸೆಂಬರ್ ಸಭೆಯಲ್ಲಿ ನಿಯಮ ತಿದ್ದಿ ಬಾರ್ಟನ್ನರನ್ನು ಆಜೀವ ಅಧ್ಯಕ್ಷೆಯನ್ನಾಗಿ ಮಾಡಿದಾಗ ವಿರೋಧ ಸ್ಫೋಟಿಸಿತು. ವಿರೋಧಿಗಳ ಮುಂಚೂಣಿಯಲ್ಲಿದ್ದವರು ಮೇಬಲ್ ಬೋರ್ಡ್‌ಮನ್ ಎಂಬ ಶ್ರೀಮಂತ ಮನೆತನದ ಮಹಿಳೆ. ಬಾರ್ಟನ್ನರಿಗಿಂತ ಸುಮಾರು 39 ವರ್ಷ ಚಿಕ್ಕವರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸಂಸ್ಥೆಯ ಸಲಹಾ ಮಂಡಳಿಯಿಂದ ತಮ್ಮ ಹೆಸರನ್ನೇ ಹಿಂದಕ್ಕೆ ಪಡೆದರು. ಸೆನೆಟರ್ ರೆಡ್‌ಫೀಲ್ಡ್ ಪ್ರಾಕ್ಟರ್ ಅವರ ಸಮಿತಿ ವಿಚಾರಣೆಗೆ ಕೂತಿತು. ಆಕೆ ಹಣ ನುಂಗಿದರೆಂಬುದು ರುಜುವಾತಾಗಲಿಲ್ಲ. ಆದರೆ 1904ರ ಮೇ 14ರಂದು, 82ನೆಯ ವಯಸ್ಸಿನಲ್ಲಿ, ಬಾರ್ಟನ್ ರಾಜೀನಾಮೆ ಕೊಟ್ಟರು. ಬದಲಾವಣೆ ಆಗಲೇಬೇಕಿತ್ತು, ಸಂದೇಹವಿಲ್ಲ. ಆದರೆ ಲೆಕ್ಕ ಬರೆಯದ ತಪ್ಪಿಗೆ ಪ್ರಾಮಾಣಿಕತೆಯನ್ನೇ ಶಂಕಿಸಿದ್ದು ಈಗ ಓದುವಾಗಲೂ ಮನಸ್ಸಿಗೆ ಒಗ್ಗುವುದಿಲ್ಲ.

1905ರ ಜನವರಿ 5ರ ಹೊಸ ಸನ್ನದಿನಂತೆ ಯುದ್ಧ ಇಲಾಖೆ ಲೆಕ್ಕ ತಪಾಸಣೆ ಮಾಡಬೇಕು, ವರ್ಷಕ್ಕೊಮ್ಮೆ ಕಾಂಗ್ರೆಸ್ಸಿಗೆ, ಎಂದರೆ ಅಮೆರಿಕದ ಸಂಸತ್ತಿಗೆ, ವರದಿ ಹೋಗಬೇಕು. ಬೋರ್ಡ್‌ಮನ್ ಅಧ್ಯಕ್ಷ ಪೀಠದಲ್ಲಿ ಕೂರಲಿಲ್ಲ. ಗಂಡಸೊಬ್ಬರು ಮುಖ್ಯಸ್ಥರಾಗಿದ್ದರೆ ಜನಕ್ಕೆ ನಂಬಿಕೆ ಹೆಚ್ಚು ಎಂಬುದು ಆಕೆಯ ಎಣಿಕೆ (ಅಂದಿನ ಕಾಲ ಹಾಗಿತ್ತು). ಹೀಗಾಗಿ ವಿಲಿಯಂ ಟ್ಯಾಫ್ಟ್ ಅಧ್ಯಕ್ಷರು. ಸಂಬಳವಿಲ್ಲದೆ ದುಡಿದು ಸಂಸ್ಥೆಯನ್ನು ನಡೆಸಿದವರು ಬೋರ್ಡ್‌ಮನ್. ಶಾಖೆಗಳು ಹುಟ್ಟಿದವು, ಶಾಶ್ವತ ನಿಧಿ ಕೂಡಿತು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪವಾದಾಗ ಪರಿಹಾರ ಕಾರ್ಯದಲ್ಲಿ ಪಳಗಿದ ಎಡ್ವರ್ಡ್ ಡಿವೈನ್ ಅವರನ್ನು ಕಳುಹಿಸಲಾಯಿತು. 1909ರಲ್ಲಿ ಜೇನ್ ಡೆಲಾನೊ ತರಬೇತಿ ಪಡೆದ ದಾದಿಯರ ಪಡೆ ಕಟ್ಟತೊಡಗಿದರು.

ಬಾರ್ಟನ್ ಮಾತ್ರ ಸುಮ್ಮನೆ ಕೂರಲಿಲ್ಲ. ಜನಸಾಮಾನ್ಯರಿಗೆ ಪ್ರಥಮ ಚಿಕಿತ್ಸೆ ಕಲಿಸುವ ಕೆಲಸವನ್ನು ಹೊಸ ಆಡಳಿತ ಬದಿಗಿಟ್ಟಿತ್ತು. 1905ರಲ್ಲಿ ಅದಕ್ಕಾಗಿಯೇ ಬೇರೊಂದು ಸಂಘ ಕಟ್ಟಿದರು. ಕೆಲವೇ ವರ್ಷಗಳಲ್ಲಿ ರೆಡ್ ಕ್ರಾಸ್ ತಾನೇ ಆ ಪಾಠವನ್ನು ಮತ್ತೆ ಕೈಗೆತ್ತಿಕೊಂಡಿತು. 1912ರ ಏಪ್ರಿಲ್ 12ರಂದು, ಅದೇ ಗ್ಲೆನ್ ಎಕೊ ಮನೆಯಲ್ಲಿ, ಆಕೆ ತೀರಿಕೊಂಡರು.

ಮುಂದೆ ಬೋರ್ಡ್‌ಮನ್ನರ ಸರದಿ ಬಂತು. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕಿಳಿದಾಗ ಅಧ್ಯಕ್ಷ ವಿಲ್ಸನ್ ಒಂದು ಯುದ್ಧ ಮಂಡಳಿ ನೇಮಿಸಿ, ಬ್ಯಾಂಕರ್ ಹೆನ್ರಿ ಡೇವಿಸನ್ ಅವರ ಕೈಗೆ ರೆಡ್ ಕ್ರಾಸ್ ಒಪ್ಪಿಸಿದರು. 1914ರಲ್ಲಿ 107 ಇದ್ದ ಶಾಖೆಗಳು 1918ಕ್ಕೆ 3,864 ಆದವು. 17,000 ಇದ್ದ ಸದಸ್ಯರು ಎರಡು ಕೋಟಿ ದಾಟಿದರು. ಅವರಲ್ಲದೆ ಜೂನಿಯರ್ ರೆಡ್ ಕ್ರಾಸಿನ ಮಕ್ಕಳೇ ಒಂದು ಕೋಟಿ ಹತ್ತು ಲಕ್ಷ. ಹನ್ನೆರಡು ವರ್ಷ ಸಂಸ್ಥೆಯನ್ನು ಹೊತ್ತಿದ್ದ ಬೋರ್ಡ್‌ಮನ್ ಪಕ್ಕಕ್ಕೆ ಸರಿಯಬೇಕಾಯಿತು. ಸಂಬಳದ ಅಧಿಕಾರಿಗಳು ಹೆಚ್ಚಿದರು. ಬಾರ್ಟನ್ನರ ಕಾಲದ ಮನಸೋಇಚ್ಛೆಯ ಸೇವೆಗೆ ಶಿಸ್ತು ತರಲು ಹೊರಟಿದ್ದ ಬೋರ್ಡ್‌ಮನ್ನರೇ ಈಗ ಸ್ವಯಂಸೇವಕರ ಪರ ವಕಾಲತ್ತು ವಹಿಸಿದರು. ಸಂಬಳಕ್ಕೆ ಬಂದವರೇ ಎಲ್ಲ ಮಾಡುವುದಾದರೆ ಊರ ಜನಕ್ಕೆ ಇಲ್ಲೇನು ಕೆಲಸ ಎಂಬುದು ಅವರ ವಾದದ ತಿರುಳು. 1923ರಲ್ಲಿ ಸ್ವಯಂಸೇವಾ ವಿಭಾಗ ಅವರ ಪಾಲಿಗೆ ಬಂತು. ಆಸ್ಪತ್ರೆಗಳಲ್ಲಿ ಬೂದು ಬಣ್ಣದ ಉಡುಪಿನಲ್ಲಿ ರೋಗಿಗಳಿಗೆ ಕಾಗದ ಬರೆದುಕೊಡುವ, ಪುಸ್ತಕ ಓದಿ ಹೇಳುವ ಮಹಿಳೆಯರಂಥ ಸ್ವಯಂಸೇವಕರನ್ನು ಅವರು 1940ರವರೆಗೂ ಮುನ್ನಡೆಸಿದರು, ಆಗಲೂ ಸಂಬಳ ಪಡೆಯದೆ.