ನಿಲ್ಲದ ನೆತ್ತರು: ಓಲಂಡ್ ದ್ವೀಪದ ಒಂದು ಕುಟುಂಬ

ಆನುವಂಶಿಕ ರಕ್ತಸ್ರಾವ ರೋಗ ಎಂದೊಡನೆ ನಮಗೆ ನೆನಪಾಗುವುದು ಹಿಮೋಫಿಲಿಯಾ, ಅಂದರೆ ಕುಸುಮ ರೋಗ. ವಿಜ್ಞಾನದ ತರಗತಿಯಲ್ಲಿ ಮೇಷ್ಟರು ವಿಕ್ಟೋರಿಯಾ ರಾಣಿಯ ವಂಶವೃಕ್ಷವನ್ನು ಬೋರ್ಡಿನ ಮೇಲೆ ಬರೆದು, ತಾಯಿ ರೋಗವನ್ನು ದಾಟಿಸುತ್ತಾಳೆ, ಮಗ ಅದನ್ನು ಅನುಭವಿಸುತ್ತಾನೆ ಎಂದು ವಿವರಿಸಿದ್ದು ನನ್ನಂತೆ ಅನೇಕರಿಗೆ ನೆನಪಿರಬಹುದು. ಹಿಮೋಫಿಲಿಯಾದ ಮಟ್ಟಿಗೆ ಆ ಪಾಠ ಬಹುಪಾಲು ಸರಿ. ಆದರೆ ಈ ಗುಂಪಿನ ರೋಗಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಬೇರೆಯೇ ಇದೆ. ಹೆಣ್ಣು ಗಂಡೆಂಬ ಭೇದವಿಲ್ಲದೆ ಬರುವ ಅದರ ಹೆಸರು ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ಅದು ಬೆಳಕಿಗೆ ಬಂದದ್ದು ಒಬ್ಬ ಪುಟ್ಟ ಹುಡುಗಿಯಿಂದ.

ಸ್ವೀಡನ್ ಮತ್ತು ಫಿನ್ಲೆಂಡ್ ನಡುವಣ ಬಾಲ್ಟಿಕ್ ಸಮುದ್ರದಲ್ಲಿ ಓಲಂಡ್ ಎಂಬ ದ್ವೀಪಸಮೂಹವಿದೆ. ಆಡಳಿತ ಫಿನ್ಲೆಂಡಿನದು, ಜನರ ಮಾತು ಸ್ವೀಡಿಷ್. 1924ರಲ್ಲಿ ಅಲ್ಲಿನ ಫೋಗ್ಲೊ ಎಂಬಲ್ಲಿಂದ ಹ್ಯೋರ್ಡಿಸ್ ಎಂಬ ಐದು ವರ್ಷದ ಹುಡುಗಿಯನ್ನು ಹೆಲ್ಸಿಂಕಿಗೆ, ಡಾಕ್ಟರ್ ಎರಿಕ್ ವಾನ್ ವಿಲ್ಲೆಬ್ರಾಂಡ್ ಅವರ ಬಳಿಗೆ ಕರೆತಂದರು. ಅವಳಿಗೆ ಮೂರು ವರ್ಷವಾಗಿದ್ದಾಗ ತುಟಿಗಾದ ಗಾಯದಿಂದ ಮೂರು ದಿನ ರಕ್ತ ಸುರಿದು, ಹತ್ತು ವಾರ ಆಸ್ಪತ್ರೆಯಲ್ಲಿ ಇರಬೇಕಾಗಿತ್ತು. ಅವಳ ಅಕ್ಕತಂಗಿಯರಲ್ಲಿ ನಾಲ್ವರು ರಕ್ತಸ್ರಾವದಿಂದಲೇ ಎಳವೆಯಲ್ಲಿ ತೀರಿಕೊಂಡಿದ್ದರು. ತಂದೆ, ತಾಯಿ ಇಬ್ಬರ ವಂಶದಲ್ಲೂ ರಕ್ತ ಬೇಗ ನಿಲ್ಲದವರು ಇದ್ದರು.

ವಾನ್ ವಿಲ್ಲೆಬ್ರಾಂಡ್ ಆ ಬಂಧುಬಳಗದ ವಿವರವನ್ನು ತಾಳ್ಮೆಯಿಂದ ಕಲೆಹಾಕಿದರು. 66 ಮಂದಿಯ ಪೈಕಿ 23 ಮಂದಿಗೆ ರಕ್ತಸ್ರಾವದ ತೊಂದರೆ ಇತ್ತು. ಅವರಲ್ಲಿ ಹೆಂಗಸರೇ ಹೆಚ್ಚು. ಹಿಮೋಫಿಲಿಯಾ ಆಗಿದ್ದರೆ ಹೀಗಾಗುವಂತಿರಲಿಲ್ಲ. ಪರೀಕ್ಷೆಯ ಫಲಿತಾಂಶವೂ ವಿಚಿತ್ರವಾಗಿತ್ತು. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳ ಎಣಿಕೆ ಸರಿಯಾಗಿತ್ತು. ರಕ್ತವನ್ನು ಹೊರತೆಗೆದಿಟ್ಟರೆ ಅದು ಹೆಪ್ಪುಗಟ್ಟಲು ಹಿಡಿಯುವ ಸಮಯವೂ ಸಹಜವಾಗಿತ್ತು. ಆದರೆ ಚರ್ಮಕ್ಕೆ ಸಣ್ಣದಾಗಿ ಚುಚ್ಚಿದರೆ ಮಾತ್ರ ರಕ್ತ ನಿಲ್ಲುತ್ತಿರಲಿಲ್ಲ. 1926ರಲ್ಲಿ ಸ್ವೀಡಿಷ್ ಭಾಷೆಯ ಲೇಖನವೊಂದರಲ್ಲಿ ಅವರು ಇದನ್ನು ಹೊಸ ರೋಗವೆಂದು ವರ್ಣಿಸಿ, ‘ಆನುವಂಶಿಕ ಹುಸಿ ಹಿಮೋಫಿಲಿಯಾ’ ಎಂದು ಹೆಸರಿಟ್ಟರು.

ರೋಗಕ್ಕೆ ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ. ಹ್ಯೋರ್ಡಿಸ್ ಮೈನೆರೆದ ಮೇಲೆ, ತನ್ನ ನಾಲ್ಕನೆಯ ಮುಟ್ಟಿನ ರಕ್ತಸ್ರಾವ ನಿಲ್ಲದೆ ಹದಿಮೂರನೆಯ ವಯಸ್ಸಿಗೇ ತೀರಿಕೊಂಡಳು.

ಕೊರತೆ ಇದ್ದದ್ದು ಎಲ್ಲಿ? ಪ್ಲೇಟ್‌ಲೆಟ್‌ಗಳಲ್ಲೋ, ರಕ್ತನಾಳದ ಗೋಡೆಯಲ್ಲೋ ಎಂದು ಮೂವತ್ತು ವರ್ಷ ಚರ್ಚೆ ನಡೆಯಿತು. ಉತ್ತರದ ಸುಳಿವು ದೊರೆತದ್ದು 1957ರಲ್ಲಿ. ಸ್ವೀಡನ್ನಿನ ಇಂಗಾ ಮರೀ ನಿಲ್ಸನ್, ಮಾರ್ಗರೇಟಾ ಬ್ಲೊಂಬ್ಯಾಕ್ ಮುಂತಾದವರು ಓಲಂಡಿಗೆ ಹೋಗಿ ಅದೇ ಮನೆತನದವರನ್ನು ಪರೀಕ್ಷಿಸಿದರು. ಹಿಮೋಫಿಲಿಯಾದಲ್ಲಿ ಕೊರತೆಯಾಗುವ ಎಂಟನೇ ಫ್ಯಾಕ್ಟರ್ ಇವರಲ್ಲೂ ಕಡಿಮೆ ಇತ್ತು. ಆರೋಗ್ಯವಂತರ ಪ್ಲಾಸ್ಮಾದಿಂದ ಬೇರ್ಪಡಿಸಿದ ಒಂದು ಅಂಶವನ್ನು ಕೊಟ್ಟಾಗ ರಕ್ತ ನಿಂತಿತು. ಸೋಜಿಗವೆಂದರೆ, ಹಿಮೋಫಿಲಿಯಾ ರೋಗಿಯ ಪ್ಲಾಸ್ಮಾದಿಂದ ತೆಗೆದ ಅಂಶವೂ ಇವರಿಗೆ ಗುಣ ಕೊಟ್ಟಿತು! ಅಂದಮೇಲೆ ಪ್ಲಾಸ್ಮಾದಲ್ಲಿ ಎಂಟನೇ ಫ್ಯಾಕ್ಟರಲ್ಲದ ಇನ್ನೊಂದು ವಸ್ತು ಇರಲೇಬೇಕಿತ್ತು. 1971ರಲ್ಲಿ ಅಮೆರಿಕದ ವಿಜ್ಞಾನಿಗಳು ಅದನ್ನು ಪ್ರತ್ಯೇಕವಾಗಿ ಗುರುತಿಸಿದರು. ಅದೇ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್.

ಇದರ ಕೆಲಸ ಎರಡು ಬಗೆ. ಗೋಡೆ ಕಟ್ಟುವಾಗ ಇಟ್ಟಿಗೆಗಳನ್ನು ಗಾರೆ ಹಿಡಿದಿಡುವಂತೆ, ಗಾಯವಾದ ಕಡೆ ಪ್ಲೇಟ್‌ಲೆಟ್‌ಗಳನ್ನು ಇದು ನಾಳದ ಗೋಡೆಗೆ ಅಂಟಿಸುತ್ತದೆ. ಜೊತೆಗೆ ಎಂಟನೇ ಫ್ಯಾಕ್ಟರನ್ನು ರಕ್ತದಲ್ಲಿ ಬೇಗ ನಾಶವಾಗದಂತೆ ಕಾಪಾಡುತ್ತದೆ. ಗಾರೆ ಇಲ್ಲದ ಮೇಲೆ ಇಟ್ಟಿಗೆ ಎಷ್ಟಿದ್ದರೇನು? ಹ್ಯೋರ್ಡಿಸಳ ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿದ್ದೂ ರಕ್ತ ನಿಲ್ಲದಿದ್ದುದು ಇದರಿಂದಲೇ. 1985ರಲ್ಲಿ ಇದರ ಜೀನ್ ಹನ್ನೆರಡನೆಯ ವರ್ಣತಂತುವಿನಲ್ಲಿದೆ ಎಂದು ತಿಳಿಯಿತು. 1993ರ ಹೊತ್ತಿಗೆ ಓಲಂಡಿನ ಆ ಮನೆತನದ ಜೀನಿನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುವುದೂ ಪತ್ತೆಯಾಯಿತು.

ಚಿಕಿತ್ಸೆಯೂ ಮುಂದುವರಿಯಿತು. 1977ರಲ್ಲಿ ಇಟಲಿಯ ಮನ್ನುಚ್ಚಿ ಮತ್ತು ಸಂಗಡಿಗರು, ಅತಿಮೂತ್ರದ ಒಂದು ಕಾಯಿಲೆಗೆ ಬಳಸುತ್ತಿದ್ದ ಡೆಸ್ಮೊಪ್ರೆಸಿನ್ ಎಂಬ ಔಷಧ ರಕ್ತನಾಳದ ಕೋಶಗಳಲ್ಲಿ ಶೇಖರವಾಗಿರುವ ಈ ಫ್ಯಾಕ್ಟರನ್ನು ಹೊರಬರಿಸಿ ರಕ್ತ ನಿಲ್ಲಿಸುತ್ತದೆಂದು ತೋರಿಸಿಕೊಟ್ಟರು. ಪರರ ರಕ್ತದ ಹಂಗಿಲ್ಲದ ಈ ಮದ್ದಿನ ಬೆಲೆ ಅರಿವಾದದ್ದು 1980ರ ದಶಕದಲ್ಲಿ, ಪ್ಲಾಸ್ಮಾದಿಂದ ತಯಾರಿಸಿದ ಔಷಧಗಳ ಮೂಲಕ ಸಾವಿರಾರು ಹಿಮೋಫಿಲಿಯಾ ರೋಗಿಗಳಿಗೆ ಎಚ್.ಐ.ವಿ. ತಗುಲಿದಾಗ. ಆದರೆ ದೇಹದಲ್ಲಿ ಫ್ಯಾಕ್ಟರ್ ಇಲ್ಲವೇ ಇಲ್ಲ ಎನ್ನುವ ತೀವ್ರ ಬಗೆಯವರಿಗೆ ಇದರಿಂದ ಪ್ರಯೋಜನವಿಲ್ಲ. ಅವರಿಗೆ ಹೊರಗಿನಿಂದಲೇ ಫ್ಯಾಕ್ಟರ್ ಕೊಡಬೇಕು. 1960ರ ದಶಕದಲ್ಲಿ ಜಪಾನಿನ ಉಟಾಕೊ ಒಕಾಮೊಟೊ ದಂಪತಿ ಕಂಡುಹಿಡಿದ ಟ್ರಾನೆಕ್ಸಾಮಿಕ್ ಆಮ್ಲ ಇಂದು ಮುಟ್ಟಿನ ಅತಿಸ್ರಾವಕ್ಕೆ ಮಾತ್ರೆಯಾಗಿ ನಮ್ಮಲ್ಲೂ ದೊರೆಯುತ್ತದೆ.

ದೂರದ ದ್ವೀಪದ ಈ ಕತೆ ನಮಗೆ ಯಾಕೆ ಬೇಕು? ತೀವ್ರ ಬಗೆಯ ಕಾಯಿಲೆ ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬರಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ನಮ್ಮಂಥ ಕಡೆ ಅದರ ಸಂಭವ ಹೆಚ್ಚು. ಎರಡನೆಯದಾಗಿ, ಹುಡುಗನ ಮೊಣಕಾಲು ಊದಿದರೆ ಆಸ್ಪತ್ರೆಗೆ ಓಡುವ ನಾವು, ಹುಡುಗಿಗೆ ಮುಟ್ಟಿನಲ್ಲಿ ಹತ್ತು ದಿನ ರಕ್ತ ಹೋದರೂ ‘ಹೆಣ್ಣಿನ ಜನ್ಮವೇ ಇಷ್ಟು’ ಎಂದು ಸುಮ್ಮನಾಗುತ್ತೇವೆ. ತಾಯಿ, ಅಜ್ಜಿಗೂ ಹಾಗೇ ಇದ್ದುದರಿಂದ ಮನೆಯಲ್ಲಿ ಅದು ರೋಗವೆಂದು ಯಾರಿಗೂ ಹೊಳೆಯುವುದಿಲ್ಲ.

ಮುಟ್ಟು ಏಳು ದಿನ ಮೀರಿದರೆ, ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಹಲ್ಲು ಕಿತ್ತ ಮೇಲೆ ಬಹಳ ಹೊತ್ತು ರಕ್ತ ಒಸರುತ್ತಿದ್ದರೆ, ಕಬ್ಬಿಣಾಂಶದ ಮಾತ್ರೆ ನುಂಗಿದರೂ ರಕ್ತಹೀನತೆ ಮರುಕಳಿಸುತ್ತಿದ್ದರೆ ವೈದ್ಯರಿಗೆ ಮನೆತನದ ವಿವರವನ್ನೂ ಸೇರಿಸಿ ಹೇಳಿ. ಪ್ಲೇಟ್‌ಲೆಟ್ ಎಣಿಕೆ ಸರಿಯಿದೆ ಎಂಬ ಒಂದು ಚೀಟಿಯಿಂದ ಸಮಾಧಾನಪಡಬೇಡಿ. ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರಿನ ಪರೀಕ್ಷೆ ಬೇಕೇ ಎಂದು ಕೇಳಿ. ರಕ್ತಸ್ರಾವದ ಅನುಮಾನವಿದ್ದವರು ವೈದ್ಯರನ್ನು ಕೇಳದೆ ನೋವಿಗೆ ಆಸ್ಪಿರಿನ್ ನುಂಗಬಾರದು. ಫೋಗ್ಲೊದ ಹುಡುಗಿಗೆ ಇಲ್ಲದಿದ್ದ ಮದ್ದು ಇಂದು ಇದೆ. ಆದರೆ ಕಾಯಿಲೆ ಇದೆಯೆಂದು ಮೊದಲು ಮನೆಯವರಿಗೆ ಅನ್ನಿಸಬೇಕು.