ತಲೆಕಟ್ಟು ಕಳೆದುಕೊಂಡ ಹಾಡುಗಳು

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಭಾಗದ ಹಾಡುಗಳನ್ನು ಹಿರಿಯರೊಬ್ಬರು ಬಹಳ ಹಿಂದೆ ಕಂಪ್ಯೂಟರಿನಲ್ಲಿ ಟೈಪು ಮಾಡಿಸಿಟ್ಟಿದ್ದರು. ನನ್ನ ಸಂಶೋಧನೆಗಾಗಿ ಆ ಕಡತ ತೆರೆದರೆ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ.

ಆಗಿನ ಫಾಂಟುಗಳಿಗೆ ಸಿಗುತ್ತಿದ್ದದ್ದು ಒಂದು ಬೈಟಿನ 256 ಸ್ಥಾನ ಮಾತ್ರ. ಅಲ್ಲಿ ಇಂಗ್ಲಿಷ್, ಐರೋಪ್ಯ ಅಕ್ಷರಗಳು ಮೊದಲೇ ಕುಳಿತಿದ್ದವು. ಅವುಗಳ ಜಾಗದಲ್ಲೇ ಕನ್ನಡ ಅಕ್ಷರದ ಚೂರುಗಳನ್ನು ಕೂರಿಸಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಕ್ರಮದಲ್ಲಿ ‘ಕ’ದ ಒಡಲಿಗೆ ‘ಪಿ’ಯ ಜಾಗ, ತಲೆಕಟ್ಟಿಗೆ ಗೆರೆ ಹೊತ್ತ ‘ಎ’ಯ ಜಾಗ. ಕನ್ನಡದ ಮುದ್ರಣ ಇದರಿಂದ ಸಲೀಸಾಯಿತು. ಆದರೆ ಫಾಂಟು ಇಲ್ಲದ ಕಡೆ ಕನ್ನಡವೂ ಕಾಣದು.

1991ರ ‘ಇಸ್ಕಿ’ ಮಾನಕದ ದಾರಿ ಬೇರೆ. ಅದು ಚೂರುಗಳನ್ನು ಬಿಟ್ಟು ಇಡೀ ಅಕ್ಷರಕ್ಕೆ ಸಂಕೇತ ಕೊಟ್ಟಿತು. ಕನ್ನಡದ ‘ಕ’ಕ್ಕೂ ತೆಲುಗಿನ ‘ಕ’ಕ್ಕೂ ಒಂದೇ ಸಂಕೇತ. ಎರಡೂ ಭಾಷೆ ಬೆರೆತ ಕುಂಚಾವರಂಗೆ ಒಪ್ಪುವಂಥ ಲೆಕ್ಕ! ಅದೇ ವರ್ಷ ಬಂದ ಯೂನಿಕೋಡ್ ಎರಡಕ್ಕೂ 128 ಸ್ಥಾನಗಳ ಪ್ರತ್ಯೇಕ ಮನೆ ಕೊಟ್ಟಿತು. ಒಳಗಿನ ಅಕ್ಷರಗಳ ಸಾಲು ಮಾತ್ರ ಬಹುಮಟ್ಟಿಗೆ ಇಸ್ಕಿಯದೇ.

ನನ್ನ ಕಡತದಲ್ಲಿ ಫಾಂಟಿನ ಹೆಸರು ಉಳಿದಿತ್ತು. ಹಾಗಾಗಿ ಪರಿವರ್ತಕದಿಂದ ಹಾಡುಗಳು ಮರಳಿದವು. ಅರ್ಕಾವತ್ತು ತಪ್ಪಿದ್ದ ಕಡೆ ಊರಿನ ಅಜ್ಜಿಯೊಬ್ಬರು ಹಾಡಿ ತಿದ್ದಿದರು. ಟೈಪು ಮಾಡಿಸಿದ ಹಿರಿಯರು ಈಗಿಲ್ಲ. ನಿಮ್ಮ ಮನೆಯ ಹಳೆಯ ಸಿಡಿಯಲ್ಲೂ ಇಂಥ ಕಡತವಿದ್ದರೆ, ಫಾಂಟಿನ ಸಮೇತ ಜೋಪಾನ ಮಾಡಿ.