ನೆರೆ ನಂತರದ ಗ್ರಾಮ ಪುನರ್ವಸತಿ: ಯೋಜನಾ ಕಾರ್ಯಾಗಾರದ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ನೆರೆ ಇಳಿದ ಮೇಲೆ ಗ್ರಾಮಸ್ಥರು, ಜನಪ್ರತಿನಿಧಿಗಳು ಮತ್ತು ಅಧಿಕಾರಿಗಳು ಒಂದೆಡೆ ಕುಳಿತು ಊರಿನ ಪುನರ್ನಿರ್ಮಾಣದ ರೂಪುರೇಷೆಯನ್ನು ಸಿದ್ಧಪಡಿಸುವ ಸಭೆಯೇ ಯೋಜನಾ ಕಾರ್ಯಾಗಾರ. ಇದ್ದ ಸ್ಥಳದಲ್ಲಿಯೇ ಮನೆ ಕಟ್ಟಬೇಕೆ ಅಥವಾ ಎತ್ತರದ ಸ್ಥಳಕ್ಕೆ ಊರನ್ನು ಸ್ಥಳಾಂತರಿಸಬೇಕೆ ಎಂಬುದು ಇಲ್ಲಿ ಚರ್ಚೆಯಾಗುವ ಮುಖ್ಯ ವಿಷಯ. ನಿವೇಶನ ಅಂತಿಮಗೊಳ್ಳುವ ಮುನ್ನವೇ ಈ ಚರ್ಚೆ ನಡೆಯುವುದು ಅವಶ್ಯಕ.

ಹಿಂದಿನ ಅನುಭವ

2009ರ ಸೆಪ್ಟೆಂಬರ್ ಅಂತ್ಯ ಹಾಗೂ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಭಾರಿ ಮಳೆಗೆ 200ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ನಂತರ ‘ಆಸರೆ’ ಯೋಜನೆಯಡಿ ದಾನಿಗಳ ನೆರವಿನೊಂದಿಗೆ ಹೊಸ ಸ್ಥಳಗಳಲ್ಲಿ ಮನೆಗಳನ್ನು ನಿರ್ಮಿಸಲಾಯಿತು. ಆದರೆ ಹೊಲಗಳು ದೂರವಾದುದು, ದನಕರುಗಳಿಗೆ ಸ್ಥಳ ಸಾಲದಿರುವುದು, ಮೂಲಸೌಕರ್ಯಗಳ ಕೊರತೆ ಮುಂತಾದ ಕಾರಣಗಳಿಂದ ಕೆಲವು ಕುಟುಂಬಗಳು ಹಳೆಯ ಊರಿನಲ್ಲಿಯೇ ಉಳಿದವು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಉಕ್ಕಿ ಹರಿದಾಗ ಇಂತಹ ಕುಟುಂಬಗಳು ಮತ್ತೆ ಸಂಕಷ್ಟಕ್ಕೊಳಗಾದವು. ಮನೆ ಕಟ್ಟುವುದಷ್ಟೇ ಪುನರ್ವಸತಿಯಲ್ಲ. ಅಲ್ಲಿ ಬದುಕು ಸಾಗಬೇಕು.

ಕಾರ್ಯಾಗಾರದ ಹಂತಗಳು

1. ನೆಲದ ಮೇಲೆ ರಂಗೋಲಿ ಪುಡಿಯಿಂದ ಅಥವಾ ಕಾಗದದ ಮೇಲೆ ಊರಿನ ನಕ್ಷೆ ಬರೆದು, ನೀರು ಬಂದ ದಾರಿ ಮತ್ತು ಏರಿದ ಮಟ್ಟವನ್ನು ಗುರುತಿಸುವುದು.
2. ಹಾನಿಗೊಳಗಾದ ಮನೆ, ಬಾವಿ, ಶಾಲೆ, ಅಂಗನವಾಡಿ ಮತ್ತು ರಸ್ತೆಗಳ ಪಟ್ಟಿ ತಯಾರಿಸುವುದು.
3. ಉದ್ದೇಶಿತ ನಿವೇಶನಕ್ಕೆ ಎಲ್ಲರೂ ತೆರಳಿ ಮಣ್ಣು, ಕುಡಿಯುವ ನೀರು, ಹೊಲಕ್ಕಿರುವ ದೂರ, ಗೋಮಾಳ ಮತ್ತು ಸ್ಮಶಾನದ ಸ್ಥಳವನ್ನು ಪರಿಶೀಲಿಸುವುದು.
4. ತುರ್ತು ಕಾಮಗಾರಿಗಳನ್ನು ಆದ್ಯತೆಯ ಮೇರೆಗೆ ಪಟ್ಟಿ ಮಾಡುವುದು.

ಯಾರು ಭಾಗವಹಿಸಬೇಕು

ಜಮೀನುದಾರರು ಮಾತ್ರವಲ್ಲದೆ ಕೃಷಿ ಕಾರ್ಮಿಕರು, ಬಾಡಿಗೆದಾರರು, ನೇಕಾರರು, ಕುರಿಗಾಹಿಗಳು, ಹಿರಿಯರು ಮತ್ತು ಅಂಗವಿಕಲರು ಭಾಗವಹಿಸತಕ್ಕದ್ದು. ಮಹಿಳೆಯರ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಆಲಿಸುವುದು ಸೂಕ್ತ; ನೀರು, ಶೌಚಾಲಯ ಮತ್ತು ಅಡುಗೆ ಮನೆಯ ಅನುಕೂಲ ಅನನುಕೂಲಗಳನ್ನು ಅವರೇ ಚೆನ್ನಾಗಿ ಬಲ್ಲರು. ಪರಿಹಾರ ನೀಡುವಾಗ ಲಿಂಗ, ಜಾತಿ, ಸಮುದಾಯ, ವಂಶ ಅಥವಾ ಧರ್ಮದ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲವೆಂದು ವಿಪತ್ತು ನಿರ್ವಹಣಾ ಅಧಿನಿಯಮ, 2005ರ 61ನೇ ಪ್ರಕರಣವು ಸ್ಪಷ್ಟಪಡಿಸಿದೆ.

ಜೊತೆಗೆ ತರಬೇಕಾದ ದಾಖಲೆಗಳು

ಆಧಾರ್, ಪಡಿತರ ಚೀಟಿ, ಪಹಣಿ, ಮನೆ ತೆರಿಗೆ ರಸೀದಿ, ಬ್ಯಾಂಕ್ ಪಾಸ್ ಪುಸ್ತಕ ಮತ್ತು ಹಾನಿಯ ಛಾಯಾಚಿತ್ರಗಳು. ದಾಖಲೆಗಳು ನೀರುಪಾಲಾಗಿದ್ದರೂ ಕಾರ್ಯಾಗಾರಕ್ಕೆ ಬರಲು ಹಿಂಜರಿಯಬೇಕಾಗಿಲ್ಲ. ಪಹಣಿಯ ಪ್ರತಿಯನ್ನು ನಾಡ ಕಚೇರಿಯಲ್ಲಿ ಮತ್ತೆ ಪಡೆಯಬಹುದು.

ಗಮನಿಸಬೇಕಾದ ಅಂಶಗಳು

ಕಾರ್ಯಾಗಾರದಲ್ಲಿ ಹೆಸರು ನೋಂದಾಯಿಸಿದ ಮಾತ್ರಕ್ಕೆ ಮನೆ ಹಾನಿ ಪರಿಹಾರದ ಅರ್ಜಿ ಸಲ್ಲಿಸಿದಂತಾಗುವುದಿಲ್ಲ. ಹಾನಿಯ ಸಮೀಕ್ಷೆ ಪ್ರತ್ಯೇಕವಾಗಿ ನಡೆಯುತ್ತದೆ. 2019ರ ನೆರೆಯ ನಂತರ ಹಾನಿಯ ಪ್ರಮಾಣಕ್ಕೆ ಅನುಗುಣವಾಗಿ ಮನೆಗಳನ್ನು ಎ, ಬಿ ಮತ್ತು ಸಿ ಎಂದು ವರ್ಗೀಕರಿಸಲಾಗಿತ್ತು. ಪರಿಹಾರದ ಮೊತ್ತವು ಈ ವರ್ಗವನ್ನೇ ಅವಲಂಬಿಸಿತ್ತು. ಆದ್ದರಿಂದ ಸಮೀಕ್ಷಾ ತಂಡ ಬಂದಾಗ ಮನೆಯವರು ಸ್ಥಳದಲ್ಲಿ ಹಾಜರಿದ್ದು, ದಾಖಲಿಸಿದ ವಿವರವನ್ನು ಓದಿ ನೋಡತಕ್ಕದ್ದು.

ಕಾರ್ಯಾಗಾರದ ನಂತರ

ಸಿದ್ಧವಾದ ಯೋಜನೆಯನ್ನು ಗ್ರಾಮಸಭೆಯ ಮುಂದಿಟ್ಟು ನಡಾವಳಿಯಲ್ಲಿ ದಾಖಲಿಸುವಂತೆ ಗ್ರಾಮಸ್ಥರು ನೋಡಿಕೊಳ್ಳಬೇಕು. ಆಗ ಅದು ಊರಿನ ಲಿಖಿತ ನಿರ್ಣಯವಾಗುತ್ತದೆ. ಒಪ್ಪಿಗೆಯಿಲ್ಲದವರು ತಮ್ಮ ಆಕ್ಷೇಪಣೆಯನ್ನು ಬರಹದಲ್ಲಿ ನೀಡಿ ಸ್ವೀಕೃತಿ ಪಡೆಯಬೇಕು. ನಡಾವಳಿಯ ಪ್ರತಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದಾಗಿದ್ದು, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಹೆಚ್ಚಿನ ವಿವರಗಳಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅಥವಾ ತಾಲ್ಲೂಕಿನ ತಹಶೀಲ್ದಾರರನ್ನು ಸಂಪರ್ಕಿಸಬಹುದು.